ಓಡುವ ಮನೆಗೆ ಓವನ್ ಯಾಕೆ?

ಭರತ ಹುಣ್ಣಿಮೆಯ ಜಾತ್ರೆಗಳು ಹತ್ತಿರ ಬಂದವೆಂದರೆ ರಾಣೆಬೆನ್ನೂರು ಸೀಮೆಯಲ್ಲಿ ಟ್ರ್ಯಾಕ್ಟರಿನ ಟ್ರೇಲರುಗಳು ಮನೆಗಳಾಗುತ್ತವೆ. ನಿನ್ನೆಯವರೆಗೆ ಗೋವಿನಜೋಳದ ಚೀಲ, ತಿಪ್ಪೆಗೊಬ್ಬರ, ಮರಳು ಹೊತ್ತ ಕಬ್ಬಿಣದ ಡಬ್ಬಿಯನ್ನು ನೀರು ಹೊಡೆದು ತೊಳೆದು, ಒಳಗೆ ದಪ್ಪಗೆ ಹುಲ್ಲು ಹಾಸುತ್ತಾರೆ. ಹುಲ್ಲಿನ ಮೇಲೆ ತಾಡಪಾಲು, ಅದರ ಮೇಲೆ ಜಮಖಾನೆ, ಕೌದಿ. ಬಿದಿರಿನ ಗಳ ಬಗ್ಗಿಸಿ ಕಮಾನು ಕಟ್ಟಿ ಇನ್ನೊಂದು ತಾಡಪಾಲು ಎಳೆದರೆ ಸೂರೂ ಆಯಿತು. ಐರಣಿಯಂಥ ಹೊಳೆಸಾಲಿನ ಊರುಗಳವರಿಗೆ ಮೈಲಾರ ದೂರವೇನಲ್ಲ. ಇದೇ ತುಂಗಭದ್ರೆ ಕೆಳಗೆ ಹರಿದು ಮುಟ್ಟುವ ಊರು. ದಂಡೆ ಮಾತ್ರ ಆಚೆಯದು, ಜಿಲ್ಲೆ ಈಗ ವಿಜಯನಗರ. ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುವುದನ್ನು ಕೇಳಿ, ಮುಂದಿನ ಮಳೆಬೆಳೆಯ ಲೆಕ್ಕ ಹಾಕುತ್ತ ಮರಳಬೇಕು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕಾದರೆ ಹಾದಿ ಉದ್ದ, ವಸ್ತಿಯೂ ಹೆಚ್ಚು.

ಸರಕು ಹೊರುವ ಟ್ರೇಲರಿನಲ್ಲಿ ಜನರನ್ನು ಕೂರಿಸುವುದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ. ಜಾತ್ರೆಯ ಹಂಗಾಮಿನಲ್ಲಿ ಪೊಲೀಸರು ಹೇಳುತ್ತಲೇ ಇರುತ್ತಾರೆ, ಟ್ರ್ಯಾಕ್ಟರುಗಳು ಹೋಗುತ್ತಲೇ ಇರುತ್ತವೆ. ನಾನು ಅದರ ವಕಾಲತ್ತು ಮಾಡಲು ಹೊರಟಿಲ್ಲ. ಆದರೆ ಪ್ರವಾಸದ ಟ್ರೇಲರು, ಕ್ಯಾರವಾನು ಎಂದು ಪಟ್ಟಣದವರು ಈಗ ಆಸೆಯಿಂದ ಮಾತಾಡುವ ವಸ್ತುವಿನ ಅತಿ ಹತ್ತಿರದ ರೂಪ ನಮ್ಮಲ್ಲಿ ಇದೇ. ಹಾಗಾಗಿ ಆ ವಸ್ತುವಿನ ಬಗ್ಗೆ ಏಳುವ ಪ್ರಶ್ನೆಗಳನ್ನು ಇದರ ಮುಂದಿಟ್ಟು ನೋಡುವುದರಲ್ಲಿ ಅರ್ಥವಿದೆ. ಆ ಪ್ರಶ್ನೆಗಳಲ್ಲಿ ಒಂದು, ಕೊಳ್ಳುವವರನ್ನು ಬಹಳ ಕಾಡುವಂಥದ್ದು: ಗಾಡಿಯೊಳಗೆ ಓವನ್ ಬೇಕೆ?

ಅಮೆರಿಕದ ಟ್ರೇಲರ್ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಮೇಲೆ ಮೂರು ಬರ್ನರಿನ ಗ್ಯಾಸ್ ಒಲೆ, ಅದರ ಹೊಟ್ಟೆಯಲ್ಲೇ ಗೂಡಿನಂಥ ಓವನ್ ಇರುವ ಅಡುಗೆಮನೆ ಅಲ್ಲಿ ಬಹುಕಾಲದ ರೂಢಿ. ಈಗೀಗ ಕೆಲವು ತಯಾರಕರು ಅದನ್ನು ತೆಗೆದು ಮೈಕ್ರೋವೇವ್ ಇಟ್ಟರೆ ಕೆಲವರು ಸಿಟ್ಟಾಗುತ್ತಾರೆ. ಇನ್ನು ಕೆಲವರು, ಹೇಗಿದ್ದರೂ ಅದರಲ್ಲಿ ಬಾಣಲೆ ಪಾತ್ರೆ ತುಂಬಿಡುತ್ತಿದ್ದೆವು ಎಂದು ಸುಮ್ಮನಾಗುತ್ತಾರೆ. ಯುರೋಪಿನಲ್ಲಿ ಇನ್ನೂ ಚೆಂದದ ಭೇದವಿದೆ. ಬ್ರಿಟನ್ನಿನಲ್ಲಿ ತಯಾರಾಗುವ ಕ್ಯಾರವಾನುಗಳಲ್ಲಿ ಓವನ್ನು, ಗ್ರಿಲ್ಲು ಇರುವುದೇ ವಾಡಿಕೆ. ಜರ್ಮನಿಯ ಕ್ಯಾರವಾನುಗಳಲ್ಲಿ ಸಾಮಾನ್ಯವಾಗಿ ಬರೀ ಒಲೆ. ಎರಡೂ ಕಡೆಯ ಜನ ಮನೆಯಲ್ಲಿ ಓವನ್ ಇಟ್ಟುಕೊಂಡವರೇ. ಆದರೆ ಬ್ರಿಟಿಷರಿಗೆ ಭಾನುವಾರದ ಹುರಿದ ಮಾಂಸ, ಪೈ ಬೇಕು. ಜರ್ಮನರು ಬೆಳಿಗ್ಗೆ ಎದ್ದು ಹತ್ತಿರದ ಊರಿನ ಬೇಕರಿಯಿಂದ ಬ್ರೆಡ್ ತಂದು, ರಾತ್ರಿ ಅದಕ್ಕೇ ಚೀಸು ಸವರಿ ಊಟ ಮುಗಿಸಬಲ್ಲರು. ಇದು ನನ್ನ ಊಹೆಯ ವಿವರಣೆ. ಗಾಡಿಗಳ ಭೇದ ಮಾತ್ರ ನಿಜ.

ಮೋಜಿಗಾಗಿ ಗಾಡಿಯಲ್ಲಿ ಮನೆ ಕಟ್ಟಿದವರಲ್ಲಿ ಮೊದಲಿಗನೆಂದು ಹೆಸರಾದವನು ಗೋರ್ಡನ್ ಸ್ಟೇಬಲ್ಸ್, ನೌಕಾಪಡೆಯಲ್ಲಿದ್ದ ವೈದ್ಯ. 1885ರಲ್ಲಿ ಬ್ರಿಸ್ಟಲಿನಲ್ಲಿ ಕಟ್ಟಿಸಿದ ‘ವಾಂಡರರ್’ ಎಂಬ ಗಾಡಿಗೆ ಎರಡು ಕುದುರೆ ಹೂಡಿ ಇಂಗ್ಲೆಂಡಿನ ದಕ್ಷಿಣದಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದ. ಜರ್ಮನಿಯಲ್ಲಿ 1931ರಲ್ಲಿ ಚಾವಟಿ ತಯಾರಿಸುವ ಮನೆತನದ ಆರಿಸ್ಟ್ ಡೆತ್‌ಲೆಫ್ಸ್ ಚಿತ್ರಕಲಾವಿದೆಯಾದ ತನ್ನ ಹೆಂಡತಿಗಾಗಿ ‘ವಾಸದ ಕಾರು’ ಕಟ್ಟಿದ; ವ್ಯಾಪಾರಕ್ಕೆ ಊರೂರು ಅಲೆಯುವಾಗ ಅವಳೂ ಜೊತೆಗಿರಲೆಂದು. ಇವರಿಬ್ಬರಿಗೂ ಗಾಡಿ ಹೊಸದು. ನಮ್ಮ ಕೊಲ್ಲಾರಿ ಬಂಡಿಗೆ ಅದೆಷ್ಟು ತಲೆಮಾರು ಕಳೆದಿವೆಯೋ. ಕಮಾನಿನ ಕೆಳಗೆ ಹೆಂಗಸರು ಮಕ್ಕಳು, ಗಾಡಿಯ ಅಡಿಗೆ ಕಟ್ಟಿದ ಗೋಣಿಯ ಜೋಲಿಯಲ್ಲಿ ಪಾತ್ರೆ ಪಗಡೆ, ಹಿಂದೆ ಎತ್ತಿನ ಹೊಟ್ಟು. ಒಲೆಯ ವಿಷಯದಲ್ಲಿ ಆ ಬಂಡಿ ತೆಗೆದುಕೊಂಡ ತೀರ್ಮಾನವನ್ನೇ ಇವತ್ತಿನ ಟ್ರೇಲರೂ ಪಾಲಿಸುತ್ತಿದೆ. ಒಲೆ ಗಾಡಿಯ ಜೊತೆ ಬರುತ್ತದೆ, ಗಾಡಿಯೊಳಗೆ ಇರುವುದಿಲ್ಲ. ಹೊಳೆಸಾಲಿನ ಯಾವ ಅಜ್ಜಿಯನ್ನು ಕೇಳಿದರೂ “ಗಾಡ್ಯಾಗ ಒಲಿ ಹಚ್ತಾರೇನೋ ತಮ್ಮಾ?” ಎಂದೇ ತಿರುಗಿ ಕೇಳಿಯಾಳು.

ಓವನ್ನಿನ ಕೆಲಸ ಏನು? ಸುತ್ತಲಿಂದ ಹದವಾದ ಬಿಸಿ ಕೊಟ್ಟು, ನಿಧಾನವಾಗಿ, ದಪ್ಪನೆಯ ವಸ್ತುವಿನ ಒಡಲಿನವರೆಗೂ ಬೇಯಿಸುವುದು, ಮೇಲಿನ ನೀರಿನಂಶ ಹಾರಿಸಿ ಕೆಂಪಗೆ ಮಾಡುವುದು. ಹುಳಿ ಬಂದು ಉಬ್ಬಿದ ಗೋಧಿ ಹಿಟ್ಟಿನ ಮುದ್ದೆಗೆ ಇದು ಬೇಕೇ ಬೇಕು. ಜೋಳಕ್ಕೆ ಬೇಡ. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟು ಅಂಶ, ಗ್ಲುಟೆನ್, ಇಲ್ಲ. ಹುಳಿ ಹಾಕಿದರೂ ಗಾಳಿ ಹಿಡಿದು ನಿಲ್ಲಲಾರದು. ಅದಕ್ಕೇ ನಮ್ಮ ಹೆಣ್ಣುಮಕ್ಕಳು ಹಿಟ್ಟಿಗೆ ಕುದಿಯುವ ಎಸರು ಸುರಿಯುತ್ತಾರೆ. ಬಿಸಿನೀರಿಗೆ ಪಿಷ್ಟ ಅರೆಬೆಂದು ಜಿಗಿ ಬರುತ್ತದೆ, ಆ ಜಿಗಿಯ ಬಲದ ಮೇಲೆ ರೊಟ್ಟಿ ಹರಿಯದೆ ಬಡಿಸಿಕೊಳ್ಳುತ್ತದೆ. ಬಡಿದದ್ದು ಎಷ್ಟು ತೆಳ್ಳಗೆಂದರೆ ಬಿಸಿ ಅದರ ಒಡಲಿಗೆ ಇಳಿಯಲು ಹೊತ್ತೇ ಬೇಡ. ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ನೀರು ಆರುತ್ತಿದ್ದಂತೆ ಮಗುಚಿ, ಆಮೇಲೆ ಒಲೆಯ ಬಾಯಿಯ ಕೆಂಡಕ್ಕೆ ಓರೆಯಾಗಿ ಹಿಡಿದರೆ ಪೂರಿಯಂತೆ ಉಬ್ಬುತ್ತದೆ. ಇಷ್ಟಾದರೆ ಅದು ಮೆತ್ತನೆಯ ರೊಟ್ಟಿ, ಅಂದೇ ತಿನ್ನಬೇಕು.

ಹಾದಿಯ ರೊಟ್ಟಿಗೆ ಇನ್ನೊಂದು ಹಂತವಿದೆ. ನನಗೆ ಕುತೂಹಲ ಇರುವುದು ಅಲ್ಲೇ. ಬೆಂದ ರೊಟ್ಟಿಯನ್ನು ಅರಿವೆಯಿಂದ ಒತ್ತಿ ಒತ್ತಿ ಹಂಚಿನ ಮೇಲೇ ಬಿರುಸು ಮಾಡಿ, ಒಲೆಯ ಸುತ್ತ, ಗೋಡೆಗೆ ಆನಿಸಿ, ಒಂದರ ಪಕ್ಕ ಒಂದು ನಿಲ್ಲಿಸುತ್ತಾರೆ. ಮುಂದಿನ ರೊಟ್ಟಿ ಬೇಯುವ ಕಾವಿನಲ್ಲೇ ಹಿಂದಿನದು ಆರುತ್ತದೆ. ಹೊರಬಿದ್ದು ಹೋಗಬೇಕಿದ್ದ ಬಿಸಿಯೇ ನೀರಿನಂಶವನ್ನೆಲ್ಲ ಎಳೆದುಕೊಂಡುಬಿಡುತ್ತದೆ. ಅಂದರೆ ಓವನ್ ಮಾಡುವ ಕೆಲಸ ಇಲ್ಲಿಯೂ ನಡೆಯುತ್ತದೆ, ಬೇರೆ ಪೆಟ್ಟಿಗೆ ಇಲ್ಲದೆ, ಬೇರೆ ಉರುವಲು ಇಲ್ಲದೆ. ಹೀಗೆ ಖಡಕ್ಕಾದ ರೊಟ್ಟಿಯನ್ನು ನೀರು ಸೋಕದಂತೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ಜೋಡಿಸಿದರೆ ವಾರಗಟ್ಟಲೆ ಕೆಡುವುದಿಲ್ಲ. ತೆಳ್ಳಗೆ ಬಡಿದ ನೂರು ರೊಟ್ಟಿಯ ತೂಕ ನಾಲ್ಕೈದು ಕೆ.ಜಿ. ಮೀರದು. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ. ಖಾರದ ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಗುರುತಿನ ಪಟ್ಟಿಗೆ ಸೇರಿದ ಈ ಕಾಯಿ ಕೆಂಪು ಕೊಡುವಷ್ಟು ಉರಿ ಕೊಡುವುದಿಲ್ಲ, ಹೀಗಾಗಿ ಮಕ್ಕಳೂ ತಿಂದಾರು. ಸಿಹಿಗೆ ಮಾದಲಿ, ಶೇಂಗಾ ಹೋಳಿಗೆ. ಇವೆಲ್ಲ ಗಾಡಿ ಹೊರಡುವ ಮೊದಲೇ ಬೆಂದು, ಹುರಿದು, ಒಣಗಿ ತಯಾರಾದಂಥವು. ಹಾದಿಯಲ್ಲಿ ಒಲೆ ಹೂಡುವುದು ಅನ್ನಕ್ಕೆ, ಸಾರಿಗೆ, ಬದನೆಕಾಯಿ ಪಲ್ಯಕ್ಕೆ, ಚಹಾಕ್ಕೆ. ಅಷ್ಟಕ್ಕೆ ಮೂರು ಕಲ್ಲು ಸಾಕು, ಈಗ ಒಂದು ಗ್ಯಾಸ್ ಸ್ಟೋವ್.

ಈ ಕ್ರಮದ ಶಕ್ತಿಯನ್ನು ದೊಡ್ಡದಾಗಿ ನೋಡಬೇಕೆಂದರೆ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಬೇಕು. ಜನವರಿಯಲ್ಲಿ ನಡೆಯುವ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲ ಹಳ್ಳಿಗಳವರು ರೊಟ್ಟಿ ಬಡಿದು, ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಏರಿಸಿ, ಮೆರವಣಿಗೆಯಲ್ಲಿ ತಂದು ಒಪ್ಪಿಸುತ್ತಾರೆ. ಅಷ್ಟು ಜನಕ್ಕೆ ಒಂದೇ ಕಡೆ ರೊಟ್ಟಿ ಮಾಡುತ್ತೇವೆಂದರೆ ಎಷ್ಟು ಭಟ್ಟಿ ಹೂಡಿದರೂ ಸಾಲದು. ಗದಗ ಜಿಲ್ಲೆಯ ಡಂಬಳದಲ್ಲಂತೂ ರೊಟ್ಟಿ ಜಾತ್ರೆ ಎಂದೇ ಒಂದು ಜಾತ್ರೆ ಇದೆ. ಊಟ ನಡೆಯುವ ಜಾಗ ಒಂದು, ಬೇಯಿಸುವ ಒಲೆಗಳು ನೂರಾರು ಮನೆಗಳಲ್ಲಿ.

ಬೇಯಿಸುವುದನ್ನೂ ಪ್ರಯಾಣವನ್ನೂ ಬಿಡಿಸಿಡದೆ ಫಜೀತಿಪಟ್ಟವರು ಚರಿತ್ರೆಯಲ್ಲಿ ಬೇಕಾದಷ್ಟು ಸಿಗುತ್ತಾರೆ. ಹದಿನೆಂಟನೆಯ ಶತಮಾನದ ಯುರೋಪಿನ ಸೈನ್ಯಗಳು ಬ್ರೆಡ್ಡಿನ ಭಟ್ಟಿಗೆ ಕಟ್ಟುಬಿದ್ದಿದ್ದವು. ದಂಡು ನಾಲ್ಕೈದು ದಿನ ನಡೆದರೆ ನಿಂತು ಭಟ್ಟಿ ಕಟ್ಟಿ ಬ್ರೆಡ್ ಸುಟ್ಟು ಮುಂದೆ ಹೋಗಬೇಕಿತ್ತು. ಅದೇ ಕಾಲದ ಕೊನೆಗೆ ಇದೇ ನಮ್ಮ ಹೊಳೆ ದಾಟಿ ಬಂದ ದಂಡಿನ ಕತೆ ಬೇರೆ. 1800ರ ಜೂನಿನಲ್ಲಿ ಬಂಡುಕೋರ ಧೋಂಡಿಯಾ ವಾಘನ ಬೆನ್ನುಹತ್ತಿದ ಬ್ರಿಟಿಷ್ ಕರ್ನಲ್ ವೆಲ್ಲೆಸ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿ ರಾಣೆಬೆನ್ನೂರಿನ ಕೋಟೆ ಹಿಡಿದ. ಅವನ ಚಿಂತೆಯೆಲ್ಲ ಎತ್ತು, ಅಕ್ಕಿ, ತುಂಬಿ ಬರುತ್ತಿದ್ದ ಹೊಳೆ. ಧಾನ್ಯ ಹೊತ್ತು ತರುತ್ತಿದ್ದವರು ಬಂಜಾರರು, ಅವರ ಎತ್ತುಗಳ ಹಿಂಡುಗಳು. ಕಾಳು ಹೊರುವ ದಂಡು ಭಟ್ಟಿಗೆ ಕಾಯುವುದಿಲ್ಲ. ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಧೋಂಡಿಯಾ ಸತ್ತ. ಐರಣಿಯ ಹಳೆಯ ಕೋಟೆಯ ಗೋಡೆ ನೋಡಿದಾಗೆಲ್ಲ ನನಗೆ ಈ ಎತ್ತುಗಳ ನೆನಪೇ ಮೊದಲು ಬರುತ್ತದೆ, ಯುದ್ಧದ್ದಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಓವನ್ನಿನ ಪರವಾಗಿ ಒಂದು ಮಾತು ನಿಷ್ಪಕ್ಷಪಾತವಾಗಿ ಹೇಳಬೇಕು. ಅದು ಗ್ಯಾಸ್ ತಿಂದುಹಾಕುತ್ತದೆ ಎಂಬ ದೂರು ಸರಿಯಲ್ಲ. ಟ್ರೇಲರಿಗೆ ಕೂರಿಸುವ ಸಣ್ಣ ಓವನ್ನಿನ ಉರಿ ಸುಮಾರು ಎರಡು ಕಿಲೋವ್ಯಾಟಿನಷ್ಟು. ಒಂದು ಕೆ.ಜಿ. ಎಲ್‌ಪಿಜಿಯಲ್ಲಿ ಇರುವ ಶಾಖ ಹೆಚ್ಚುಕಡಿಮೆ 46 ಮೆಗಾಜೂಲ್. ಭಾಗಿಸಿ ನೋಡಿದರೆ ಗಂಟೆಗೆ 160 ಗ್ರಾಂ ಆಸುಪಾಸು. 5 ಕೆ.ಜಿ.ಯ ಸಣ್ಣ ಸಿಲಿಂಡರು ಮೂವತ್ತು ಗಂಟೆ ಬಂದೀತು. ಯಾವ ಜಾತ್ರೆಯಲ್ಲೂ ಯಾರೂ ಮೂವತ್ತು ಗಂಟೆ ಕೇಕು ಸುಡುವುದಿಲ್ಲ.

ತಕರಾರು ಇರುವುದು ಬೇರೆ ಕಡೆ. ಓವನ್ ಸಹಿತದ ಒಲೆಯ ತೂಕ ಇಪ್ಪತ್ತು ಕೆ.ಜಿ. ಸುಮಾರು. ಹತ್ತಿಪ್ಪತ್ತು ನಿಮಿಷ ಅದನ್ನು ಕಾಯಿಸಿಯೇ ಒಳಗೆ ಏನಾದರೂ ಇಡಬೇಕು. ಫೆಬ್ರವರಿ ಕಳೆದರೆ ನಮ್ಮ ಕಡೆ ಮಧ್ಯಾಹ್ನದ ಬಿಸಿಲಿಗೆ ತಗಡಿನ ಗಾಡಿ ಮುಟ್ಟಲಾಗದಷ್ಟು ಸುಡುತ್ತದೆ. ಅದರೊಳಗೆ ಇನ್ನೊಂದು ಕುಲುಮೆ ಹೂಡಿ ಕೂರುವ ಧೈರ್ಯ ಯಾರಿಗಿದೆ? ಚಳಿದೇಶದವರಿಗೆ ಆ ಕಾವು ಪುಕ್ಕಟೆ ಸಿಗುವ ಹಿತ. ನಮಗೆ ಅದು ದಂಡ.

ವಿದ್ಯುತ್ತಿನ ಓವನ್ ಇಡೋಣವೆಂದರೆ ಲೆಕ್ಕ ಇನ್ನೂ ಬಿಗಿ. ಮೇಜಿನ ಮೇಲಿಡುವ ಸಾಧಾರಣ ಓಟಿಜಿ 1500 ವ್ಯಾಟ್ ಎಳೆಯುತ್ತದೆ. 12 ವೋಲ್ಟ್, 100 ಆಂಪಿಯರ್-ಅವರ್‌ನ ಒಂದು ಲಿಥಿಯಂ ಬ್ಯಾಟರಿಯಲ್ಲಿ ಇರುವುದು 1200 ವ್ಯಾಟ್-ಅವರ್ ಚಿಲ್ಲರೆ. ಒಂದು ಟ್ರೇ ಬಿಸ್ಕತ್ತು ಸುಡುವ ಹೊತ್ತಿಗೆ ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಖಾಲಿ; ರಾತ್ರಿ ಫ್ಯಾನ್ ತಿರುಗಬೇಕು, ಫೋನ್ ಚಾರ್ಜ್ ಆಗಬೇಕು. ಟ್ರ್ಯಾಕ್ಟರಿನ ಬ್ಯಾಟರಿಯ ಮಾತು ಬಿಡಿ, ಅದು ಬೆಳಿಗ್ಗೆ ಎಂಜಿನ್ ಎಬ್ಬಿಸಿದರೆ ದೊಡ್ಡದು.

ಆದರೆ ನಿಜವಾದ ಕಾರಣ ತೂಕವೂ ಅಲ್ಲ, ಬ್ಯಾಟರಿಯೂ ಅಲ್ಲ. ಮಲಗುವ ಜಾಗದಲ್ಲಿ ಬೆಂಕಿ ಇಡಬಾರದು ಎಂಬುದು. ಎಲ್‌ಪಿಜಿ ಗಾಳಿಗಿಂತ ಭಾರ. ಅದರಲ್ಲಿರುವ ಪ್ರೊಪೇನ್ ಒಂದೂವರೆ ಪಟ್ಟು, ಬ್ಯುಟೇನ್ ಎರಡು ಪಟ್ಟು. ಸೋರಿದರೆ ಮೇಲೆ ಹಾರಿಹೋಗುವುದಿಲ್ಲ, ನೆಲಕ್ಕೆ ಇಳಿದು ಹರಡುತ್ತದೆ. ಮನೆಯಲ್ಲಾದರೆ ಬಾಗಿಲ ಸಂದಿ, ಮೋರಿ ಹುಡುಕಿ ಹೊರಗೆ ಹೋದೀತು. ಟ್ರೇಲರಿನ ಒಳಗೆ ಅದು ತಂಗುವುದು ಹುಲ್ಲಿನ ಹಾಸಿನಲ್ಲಿ, ಜನ ಮಲಗಿರುವ ಮಟ್ಟದಲ್ಲೇ. ವಿದೇಶದ ಕ್ಯಾರವಾನುಗಳಲ್ಲಿ ಇದಕ್ಕೆಂದೇ ನೆಲದಲ್ಲಿ ರಂಧ್ರ ಬಿಟ್ಟಿರುತ್ತಾರೆ, ಸಿಲಿಂಡರಿಗೆ ಒಳಗಿನಿಂದ ಸಂಪರ್ಕವಿಲ್ಲದ ಪ್ರತ್ಯೇಕ ಗೂಡು ಮಾಡಿರುತ್ತಾರೆ, ಅನಿಲ ಮೂಸಿ ಕೂಗುವ ಯಂತ್ರ ಹಾಕಿರುತ್ತಾರೆ. ಅಷ್ಟೆಲ್ಲ ಮಾಡಿಯೂ, ಮುಚ್ಚಿದ ಜಾಗದಲ್ಲಿ ಒಲೆ ಉರಿಸಿ ಬೆಚ್ಚಗೆ ಮಲಗಬೇಡಿ ಎಂದು ಎಚ್ಚರಿಸುತ್ತಾರೆ. ಸರಿಯಾಗಿ ಉರಿಯದ ಬೆಂಕಿ ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ.

2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೈ ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ಖಾಸಗಿ ಬೋಗಿಗೆ ಬೆಂಕಿ ಬಿತ್ತು. ಉತ್ತರ ಪ್ರದೇಶದಿಂದ ಬಂದವರು, ಬಚ್ಚಿಟ್ಟು ತಂದ ಸಿಲಿಂಡರಿನಲ್ಲಿ ಒಲೆ ಹಚ್ಚಿದ್ದರು. 9 ಜನ ಸತ್ತರು. ಅವರೇನೂ ವಿಚಿತ್ರ ಜನರಲ್ಲ. ಮನೆಯ ಅಡುಗೆ, ಹೊತ್ತಿಗೆ ಸರಿಯಾಗಿ ಚಹಾ, ಕೈಖರ್ಚಿನ ಉಳಿತಾಯ ಎಂದು ನಮ್ಮಂತೆಯೇ ಯೋಚಿಸಿದವರು. ಗಾಡಿ ನಿಂತಿದೆಯಲ್ಲ ಎಂಬ ಧೈರ್ಯವೇ ಇಲ್ಲಿ ಕೈಕೊಡುವುದು. ನಿಂತ ಗಾಡಿಯಿಂದಲೂ ಇಳಿದೇ ಒಲೆ ಹಚ್ಚಬೇಕು.

ಇದನ್ನು ಓದಿ ತಿಳಿಯದೆಯೂ ಪಾಲಿಸುವವರು ಇಬ್ಬರಿದ್ದಾರೆ. ಒಬ್ಬರು ಕುರಿಗಾರರು. ಸುಗ್ಗಿ ಮುಗಿದ ಹೊಲಗಳಲ್ಲಿ ಹಟ್ಟಿ ಹಾಕಿದಾಗ ಮೊದಲು ನೋಡುವುದು ಗಾಳಿ ಯಾವ ಕಡೆಯದೆಂದು. ಬಲೆ ಕಟ್ಟಿ ಕುರಿ ಕೂಡುವುದು ಒಂದು ಕಡೆ, ಮಲಗುವ ಕಂಬಳಿ ಒಂದು ಕಡೆ, ಒಲೆ ಗಾಳಿಯ ಇಳಿಮುಖಕ್ಕೆ ದೂರ. ಹೊಲದ ಒಡೆಯನಿಗೆ ಕುರಿಗೊಬ್ಬರ ಬೇಕು, ಬಣವೆಗೆ ಕಿಡಿ ಬೇಡ. ಹೇರಿಕೊಂಡು ಹೋಗಲು ಮೊದಲು ಕುದುರೆ ಕತ್ತೆಗಳು, ಈಗ ಕೆಲವರಿಗೆ ಪಿಕಪ್ ಗಾಡಿ. ಪಿಕಪ್ಪು ಬಂದರೂ ಒಲೆ ನೆಲ ಬಿಟ್ಟು ಮೇಲೇರಿಲ್ಲ. ಇನ್ನೊಬ್ಬರು ಲಾರಿಯವರು. ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿಕೊಂಡು ಪುಣೆ-ಬೆಂಗಳೂರು ಹೆದ್ದಾರಿ ಹಿಡಿಯುವ ಲಾರಿಯಲ್ಲಿ ಸ್ಟೋವ್, ಕುಕ್ಕರ್, ಅಕ್ಕಿಯ ಡಬ್ಬಿ ಹೊರಗಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡು ಕೂತಿರುತ್ತವೆ. ಮರದ ನೆರಳು ಕಂಡಲ್ಲಿ ಇಳಿಸಿ, ಟೈರಿನ ಮರೆಗೆ ಹಚ್ಚಿ, ಕ್ಲೀನರ್ ಉಳ್ಳಾಗಡ್ಡಿ ಹೆಚ್ಚುತ್ತ ಕೂರುತ್ತಾನೆ. ಕ್ಯಾಬಿನ್ನಿನಲ್ಲಿ ಊದುಬತ್ತಿ ಬಿಟ್ಟು ಬೇರೆ ಬೆಂಕಿ ಇಲ್ಲ.

ಹಾಗಾದರೆ ಓವನ್ ಯಾರಿಗೂ ಬೇಡವೇ? ಬೇಕಾದವರೂ ಇದ್ದಾರೆ. ಅಮೆರಿಕದಲ್ಲಿರುವ ನಮ್ಮವರು ಬೇಸಿಗೆ ರಜೆಯಲ್ಲಿ ಬಾಡಿಗೆಗೆ ಮನೆಗಾಡಿ ಹಿಡಿದು ಯೆಲ್ಲೋಸ್ಟೋನಿನಂಥ ಕಡೆ ಹೊರಡುವುದುಂಟು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಊರಿಂದ ಬಂದ ಖಡಕ್ ರೊಟ್ಟಿ ಅವರ ಜೊತೆಗೂ ಹೋಗುತ್ತವೆ. ಆದರೆ ಅಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಪಿಜ್ಜಾ ಬೇಕು. ಜೂನಿನಲ್ಲೂ ನಡುಗಿಸುವ ಆ ಎತ್ತರದಲ್ಲಿ ಒಳಗೇ ಒಲೆ ಹಚ್ಚುವ ವ್ಯವಸ್ಥೆ ಇದ್ದರೆ ಯಾರು ಬೇಡವೆಂದಾರು? ವರ್ಷದಲ್ಲಿ ಆರು ತಿಂಗಳು ಗಾಡಿಯಲ್ಲೇ ಕಳೆಯುವ ನಿವೃತ್ತ ದಂಪತಿಗೂ ಓವನ್ ಒಪ್ಪುತ್ತದೆ, ಏಕೆಂದರೆ ಅವರಿಗೆ ಮನೆಯಲ್ಲಿ ಮಾಡಿಟ್ಟು ಬರಲು ಬೇರೆ ಮನೆ ಇಲ್ಲ. ನಾಲ್ಕು ದಿನದ ಜಾತ್ರೆಯವರಿಗೆ ಅದು ಇದೆ.

ನಮ್ಮ ದೇಶದ ಕ್ಯಾರವಾನುಗಳು ಈ ವಿಷಯದಲ್ಲಿ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಕೇರಳ ಸರ್ಕಾರ 2021ರಲ್ಲಿ ‘ಕೆರವಾನ್ ಕೇರಳ’ ಯೋಜನೆ ಸಾರಿದಾಗ ಪ್ರವಾಸಿ ಗಾಡಿಯಲ್ಲಿ ಏನೇನಿರಬೇಕು ಎಂದು ಪಟ್ಟಿ ಕೊಟ್ಟಿತು: ಹಾಸಿಗೆಯಾಗುವ ಸೋಫಾ, ಫ್ರಿಜ್ಜು, ಮೈಕ್ರೋವೇವ್ ಓವನ್ ಇರುವ ಪುಟ್ಟ ಅಡುಗೆಕಟ್ಟೆ, ಊಟದ ಮೇಜು, ಶೌಚಾಲಯ, ಎ.ಸಿ., ಇಂಟರ್ನೆಟ್ಟು. ಕರ್ನಾಟಕದ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನಿಗೆ ಜಾಗವಿದೆ. ಮೈಕ್ರೋವೇವ್ ಎಂದರೆ ಹೋಟೆಲಿನ ಪೊಟ್ಟಣ ಬಿಸಿ ಮಾಡುವ ಯಂತ್ರ. ಬಿರಿಯಾನಿ ಕಟ್ಟಿಸಿಕೊಂಡು ಹೋಗುವ ಪ್ರವಾಸಕ್ಕೆ ಅದು ಸರಿ. ಖಡಕ್ ರೊಟ್ಟಿಯನ್ನು ಅದರೊಳಗೆ ಇಡಬೇಡಿ. ಮೊದಲು ಮೆತ್ತಗಾಗಿ, ಆಮೇಲೆ ತೊಗಲಿನಂತೆ ಜಗ್ಗುತ್ತದೆ.

ರಾಣೆಬೆನ್ನೂರಿನಲ್ಲಿ ಟ್ರೇಲರ್ ಕಟ್ಟುವ ವರ್ಕ್‌ಶಾಪುಗಳಿಗೆ ಕೊರತೆ ಇಲ್ಲ. ಯಾರಾದರೂ ಅಲ್ಲಿ ಪ್ರವಾಸಕ್ಕೆಂದೇ, ಕಾನೂನಿಗೆ ಒಪ್ಪುವಂತೆ ನೋಂದಾಯಿಸಿ ಒಂದು ಗಾಡಿ ಕಟ್ಟಿಸುವುದಾದರೆ ನನ್ನ ಸಲಹೆ ಇಷ್ಟು. ಹಿಂದಿನ ಬಾಗಿಲು ಕೆಳಗೆ ಬಿದ್ದಾಗ ಸೊಂಟದ ಎತ್ತರಕ್ಕೆ ನಿಲ್ಲುವಂತೆ ಸರಪಳಿ ಹಾಕಿಸಿ. ಅದೇ ಅಡುಗೆಕಟ್ಟೆ, ಸ್ಟೋವ್ ಅದರ ಮೇಲೆ, ಬಯಲ ಗಾಳಿಯಲ್ಲಿ. ಸಿಲಿಂಡರಿಗೆ ಹೊರಮೈಯಲ್ಲಿ ಜಾಲರಿಯ ಗೂಡು, ನೆಟ್ಟಗೆ ನಿಲ್ಲುವಂತೆ, ಅಲುಗದಂತೆ. ಗಾಡಿ ಹೊರಡುವ ಮುನ್ನ ರೆಗ್ಯುಲೇಟರ್ ಬಂದ್ ಮಾಡಿ, ಪೈಪು ಬಿಚ್ಚಿ. ಗಾಳಿಗೆ ಉರಿ ಆರದಂತೆ ಮೂರು ಕಡೆ ಮಡಚುವ ತಗಡಿನ ಮರೆ ಮಾಡಿಸಿದರೆ ಹಂಚು ಬೇಗ ಕಾಯುತ್ತದೆ. ಮಳೆಗಾಲದ ಪ್ರವಾಸವಾದರೆ ಬಾಗಿಲ ಮೇಲೊಂದು ಚಾಚು ತಾಡಪಾಲು ಬೇಕಾಗುತ್ತದೆ, ಅದೂ ಬೆಂಕಿಗೆ ಮೂರ್ನಾಲ್ಕು ಅಡಿ ಮೇಲೆ.

ಓವನ್ ಕೂರಬೇಕಿದ್ದ ಒಳಗಿನ ಮೂಲೆಯಲ್ಲಿ ಮುಚ್ಚಳವಿರುವ ಒಂದು ಒಣ ಪೆಟ್ಟಿಗೆ ರೊಟ್ಟಿಗೆ. ಓವನ್ ಹೊರಬೇಕಿದ್ದ ಇಪ್ಪತ್ತು ಕೆ.ಜಿ. ತೂಕಕ್ಕೆ ಇಪ್ಪತ್ತು ಲೀಟರಿನ ಕುಡಿಯುವ ನೀರಿನ ಕ್ಯಾನು. ಮೈಲಾರಕ್ಕೋ ಎಲ್ಲಮ್ಮನ ಗುಡ್ಡಕ್ಕೋ ಜಾತ್ರೆಯ ದಿನ ಹೋಗಿಬಂದವರನ್ನು ಕೇಳಿ ನೋಡಿ. ನೆಂಟರ ಟ್ರೇಲರಿಗೆ ಎಡತಾಕಿ ಅವರು ಕೇಳುವುದು ನೀರನ್ನು. ರೊಟ್ಟಿ ಎಲ್ಲರ ಬುಟ್ಟಿಯಲ್ಲೂ ಇರುತ್ತದೆ.